ತಪಸ್ಸುಕಾಲಕ್ಕೆ ಅಲ್ಲೆಗ್ರಿಯ ‘ಮಿಸೆರೆರೆ’: ಸಣ್ಣ ಗಾಯನವೃಂದ ಹಾಡುವ ಬಗೆ

ಬೈಬಲಿನ ಕೀರ್ತನೆ 51ರ ಲ್ಯಾಟಿನ್ ಪಾಠಕ್ಕೆ ಇಟಲಿಯ ಸಂಗೀತಕಾರ ಗ್ರೆಗೋರಿಯೊ ಅಲ್ಲೆಗ್ರಿ 1630ರ ದಶಕದಲ್ಲಿ ರೋಮಿನ ಸಿಸ್ಟೀನ್ ಚಾಪೆಲ್‌ಗಾಗಿ ಕಟ್ಟಿದ ಸಂಗೀತ ಇದು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಟೆನೆಬ್ರೇ ಪ್ರಾರ್ಥನೆಯಲ್ಲಿ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸಿ, ಕೊನೆಯಲ್ಲಿ ಇದನ್ನು ಹಾಡುತ್ತಿದ್ದರು.

ಇಂದು ಪ್ರಚಾರದಲ್ಲಿರುವ ಪಾಠದಲ್ಲಿ ಸೊಪ್ರಾನೊ (ಎತ್ತರದ ಹೆಣ್ಣು ದನಿ) ಮುಟ್ಟಬೇಕಾದ ಎತ್ತರದ ಸಿ ಸ್ವರಕ್ಕೆ ಹೆದರಿಯೇ ಅನೇಕರು ಇದರ ತಂಟೆಗೆ ಹೋಗುವುದಿಲ್ಲ. ಹೆದರಬೇಕಿಲ್ಲ, ಆ ಸ್ವರ ಅಲ್ಲೆಗ್ರಿಯದೇ ಅಲ್ಲ. ಜರ್ಮನ್ ಸಂಗೀತಕಾರ ಮೆಂಡೆಲ್ಸೋನ್ 1831ರಲ್ಲಿ ಎತ್ತರದ ಶ್ರುತಿಯಲ್ಲಿ ಕೇಳಿ ಬರೆದುಕೊಂಡ ತುಣುಕೊಂದು ಮುಂದೆ ತಪ್ಪಾಗಿ ಮೂಲದೊಳಗೆ ಸೇರಿಕೊಂಡಿತು. ಇಂಗ್ಲಿಷ್ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ 1771ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪಾಠದಲ್ಲಿ ಅದಿಲ್ಲ. ಬರ್ನಿಯ ಪಾಠವನ್ನೇ ಹಿಡಿಯಿರಿ. ಈ ಕೃತಿಯ ಜೀವ ಇರುವುದು ಮಾತಿನಲ್ಲಿ.

ಕೀರ್ತನೆಯಲ್ಲಿ ಒಟ್ಟು 20 ವಚನ (ಚರಣ). 1, 5, 9, 13, 17 ಮೊದಲ ಗುಂಪಿಗೆ: ಎರಡು ಸೊಪ್ರಾನೊ, ಆಲ್ಟೊ (ತಗ್ಗಿನ ಹೆಣ್ಣು ದನಿ), ಟೆನರ್ (ಎತ್ತರದ ಗಂಡು ದನಿ), ಬಾಸ್ (ತಗ್ಗಿನ ಗಂಡು ದನಿ). 3, 7, 11, 15, 19 ಎರಡನೆಯ ಗುಂಪಿಗೆ: ಎರಡು ಸೊಪ್ರಾನೊ, ಆಲ್ಟೊ, ಬಾಸ್. 2ರಿಂದ 18ರವರೆಗಿನ ಸಮ ವಚನಗಳು ಒಂದೇ ದನಿಯ ಚಾಂಟ್‌ನಲ್ಲಿ, ಅಂದರೆ ಹೆಚ್ಚಿನ ಅಕ್ಷರಗಳನ್ನು ಒಂದೇ ಸ್ವರದ ಮೇಲೆ ಪಠಿಸಿ ಸಾಲಿನ ಕೊನೆಯಲ್ಲಷ್ಟೇ ಸ್ವರ ಬದಲಿಸುವ ಹಾಡಿಕೆಯಲ್ಲಿ. 20ನೆಯದನ್ನು ಎರಡೂ ಗುಂಪು ಕೂಡಿ ಒಂಬತ್ತು ದನಿಯಲ್ಲಿ ಮುಗಿಸುತ್ತವೆ. ಒಂದೊಂದು ದನಿಗೆ ಒಬ್ಬರಂತೆ 9 ಜನ, ಚಾಂಟ್‌ಗೆ ಮೂರ್ನಾಲ್ಕು ಗಂಡು ದನಿ ಇದ್ದರೆ ಸಾಕು. ಪೂರ್ತಿ ಹಾಡಲು 12-13 ನಿಮಿಷ ಬೇಕು. ಹಾಗಾಗಿ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಬಲಿಪೂಜೆಯ ಕೀರ್ತನೆಯ ಜಾಗಕ್ಕೆ ಇದನ್ನು ತರಬೇಡಿ. ಶುಕ್ರವಾರದ ಪಶ್ಚಾತ್ತಾಪದ ಪ್ರಾರ್ಥನೆಗೆ ಇದು ಸರಿಯಾಗಿ ಹೊಂದುತ್ತದೆ.

ಸ್ವರ ಕಲಿಸುವ ಮೊದಲು ಪಠ್ಯವನ್ನು ಓದಿಸಿ. ಇಲ್ಲಿ ಒಂದೇ ಸ್ವರಮೇಳದ ಮೇಲೆ ಹತ್ತಾರು ಅಕ್ಷರಗಳು ಬರುತ್ತವೆ. ಎಲ್ಲಕ್ಕೂ ಸಮ ಕಾಲ ಕೊಟ್ಟರೆ ಮಗ್ಗಿ ಒಪ್ಪಿಸಿದಂತಾಗುತ್ತದೆ. ‘ಆಂಪ್ಲಿಯುಸ್ ಲಾವಾ ಮೆ’ ಎಂಬಲ್ಲಿ ‘ಆಂ’ ಮತ್ತು ‘ಲಾ’ ಮೇಲೆ ಒತ್ತು, ಉಳಿದವು ಹಗುರ. ‘ಇನಿಕ್ವಿತಾತೆ’ಯಲ್ಲಿ ಒತ್ತು ‘ತಾ’ ಮೇಲೆ. ಎಲ್ಲರೂ ಒಟ್ಟಿಗೆ ಮಾತಿನಂತೆ ಮೂರು ಸಲ ಓದಿ, ಅದೇ ವೇಗದಲ್ಲಿ ಒಂದೇ ಸ್ವರದ ಮೇಲೆ ಹೇಳಿ, ಆಮೇಲೆ ಸ್ವರಮೇಳಕ್ಕೆ ಹೋಗಿ. ಲ್ಯಾಟಿನ್ನನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ: ‘ಪೆಕ್ಕಾತುಮ್’, ‘ಎಚ್ಚೆ’ ಎಂದು ಬರೆದರೆ ಒತ್ತಕ್ಷರ ತಾನಾಗಿ ಬರುತ್ತದೆ, ‘ತ’ ಹೋಗಿ ‘ಟ’ ಆಗುವುದಿಲ್ಲ. ‘ಮಾಗ್ನಮ್’ ಅಲ್ಲ, ‘ಮಾನ್ಯಮ್’.

ಚಾಂಟ್ ವಚನದ ನಡುವೆ ನಕ್ಷತ್ರದ ಗುರುತು ಇರುತ್ತದೆ. ಅಲ್ಲಿ ಪೂರ್ತಿ ಒಂದು ಉಸಿರಿನಷ್ಟು ನಿಲ್ಲಿ. ಅವಸರ ಮಾಡಿದರೆ ಚರ್ಚಿನ ಮಾರ್ದನಿ ಮುಂದಿನ ಪದದ ಮೇಲೆ ಬಿದ್ದು ಕಲಸಿಹೋಗುತ್ತದೆ. ಜನರಿಗೆ ಅರ್ಥವಾಗಲೆಂದು ಸಮ ವಚನಗಳನ್ನಷ್ಟೇ ಕನ್ನಡದಲ್ಲಿ ಹಾಡಬಹುದು, ನಮ್ಮ ಮಟ್ಟಿಗೆ ಅದೇ ಒಳ್ಳೆಯದು. ಆಗ ಪ್ರತಿ ಸಾಲಿನ ಕೊನೆಯ ನಾಲ್ಕು ಅಕ್ಷರಗಳಿಗೆ ಅಡಿಗೆರೆ ಎಳೆದು, ಯಾವ ಅಕ್ಷರಕ್ಕೆ ಯಾವ ಸ್ವರ ಎಂದು ಮೊದಲೇ ಗುರುತು ಹಾಕಿ. ಇಲ್ಲದಿದ್ದರೆ ಕ್ರಿಯಾಪದ ಬಂದ ಕಡೆ ಒಬ್ಬೊಬ್ಬರು ಒಂದೊಂದು ಕಡೆ ತಿರುಗುತ್ತಾರೆ.

ಶ್ರುತಿ ಇಳಿಯುವುದು ಇದರ ದೊಡ್ಡ ಕಾಟ, ಮತ್ತು ಅದು ಸಾಮಾನ್ಯವಾಗಿ ಶುರುವಾಗುವುದು ಚಾಂಟ್‌ನಲ್ಲಿ. ಒಂದೇ ಸ್ವರವನ್ನು ಸುಮ್ಮನೆ ಹಿಡಿದು ನಿಂತರೆ ದನಿ ಜಾರುತ್ತದೆ, ಮುಂದಿನ ಗುಂಪು ಜಾರಿದ ಸ್ವರವನ್ನೇ ಎತ್ತಿಕೊಳ್ಳುತ್ತದೆ. ಚಾಂಟ್ ಗುಂಪಿನ ಮುಖ್ಯಸ್ಥನ ಕೈಯಲ್ಲಿ ಟ್ಯೂನಿಂಗ್ ಫೋರ್ಕ್ ಇರಲಿ. 6, 12, 18ನೇ ವಚನಗಳ ಮುಂಚೆ ಕಿವಿಗೆ ಹಿಡಿದು ನೋಡಲಿ. ಕೀಬೋರ್ಡ್ ಜತೆಗೆ ನುಡಿಸಬೇಡಿ, ಸಿಸ್ಟೀನ್ ಚಾಪೆಲ್‌ನಲ್ಲಿ ವಾದ್ಯವಿಲ್ಲದೆಯೇ ಹಾಡುತ್ತಿದ್ದರು.

ಮೊದಲ ಗುಂಪು ಬಲಿಪೀಠದ ಪಕ್ಕ, ಎರಡನೆಯದು ಹಿಂದಿನ ಗ್ಯಾಲರಿಯಲ್ಲಿ ನಿಲ್ಲಲಿ. ನಡುವೆ 30 ಮೀಟರ್ ಇದ್ದರೆ ದನಿ ತಲುಪಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ. ಹಾಗಾಗಿ 20ನೇ ವಚನದಲ್ಲಿ ಕಿವಿಯನ್ನು ನಂಬದೆ ನಿರ್ದೇಶಕರ ಕೈಯನ್ನೇ ನೋಡಬೇಕು. ದೀಪ ಆರಿಸುವುದಾದರೆ ಆ ಕೈಯ ಮೇಲೆ ಒಂದು ಸಣ್ಣ ಬೆಳಕು ಬೀಳುವಂತಿರಲಿ.

ಒಂಬತ್ತು ಜನ ಸಿಗದಿದ್ದರೆ ವಚನಗಳನ್ನು ಕತ್ತರಿಸಬೇಡಿ, ಕೀರ್ತನೆ ಪೂರ್ತಿ ಇರಲೇಬೇಕು. ಎರಡನೆಯ ಗುಂಪಿನ ನಾಲ್ಕು ದನಿಯ ವಚನಗಳನ್ನು ಇಟ್ಟುಕೊಂಡು, 20ನೆಯದೂ ಸೇರಿದಂತೆ ಉಳಿದ 15ನ್ನೂ ಚಾಂಟ್‌ನಲ್ಲೇ ಹಾಡಿ.