ಹಳೇ ಓಮ್ನಿಗೆ ಮೈಲೇಜ್ ಬರ್ಬೇಕಾದ್ರೆ ಕಾರ್ಬೊರೇಟರಿಗೆ ಕೈ ಹಾಕುವ ಮೊದ್ಲು ಇಷ್ಟು ನೋಡಿ

ಮಾರುತಿಯವರು ಓಮ್ನಿ ಮಾಡುವುದನ್ನು 2019ರಲ್ಲೇ ನಿಲ್ಲಿಸಿದ್ರು, ಆದ್ರೆ ನಮ್ಮ ಕಡೆ ಅದಿಲ್ಲದೆ ಆಗುವುದಿಲ್ಲ. ಮಲ್ಪೆಯಿಂದ ಮೀನು ತರ್ಲಿಕ್ಕೆ, ಶಂಕರಪುರದ ಮಲ್ಲಿಗೆ ಸಾಗಿಸ್ಲಿಕ್ಕೆ, ಮದುವೆ ಹಾಲಿಗೆ ಅಡುಗೆಯವರ ಪಾತ್ರೆ ಮುಟ್ಟಿಸ್ಲಿಕ್ಕೆ ಈಗಲೂ ಅದೇ ಗಾಡಿ. ಇವರಲ್ಲಿ ಯಾರನ್ನು ಕೇಳಿದ್ರೂ ಮೈಲೇಜ್ ಇಲ್ಲ ಮಾರ್ರೆ ಅಂತ ಹೇಳ್ತಾರೆ, ಗ್ಯಾರೇಜಿಗೆ ಹೋದ ಕೂಡ್ಲೇ ಹೇಳುವುದು ಕಾರ್ಬೊರೇಟರ್ (ಪೆಟ್ರೋಲ್ ಮತ್ತೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ) ಸ್ವಲ್ಪ ಟ್ಯೂನ್ ಮಾಡಿ ಕೊಡಿ ಅಂತ. ನನ್ನ ಪ್ರಕಾರ ಅದು ಕಟ್ಟಕಡೆಗೆ ಮಾಡುವ ಕೆಲ್ಸ. 796 ಸಿಸಿಯ ಸಣ್ಣ ಇಂಜಿನ್ ಅದು, ಚಕ್ರ ಎಲ್ಲೋ ಹಿಡ್ಕೊಂಡಿದ್ರೆ, ಇಂಜಿನ್ ಸರಿ ಬಿಸಿಯೇ ಆಗದಿದ್ರೆ, ಕಾರ್ಬೊರೇಟರ್ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ.

ಮೊದ್ಲು ಈಗ ಎಷ್ಟು ಕೊಡ್ತದೆ ಅಂತ ಸರಿಯಾಗಿ ಅಳೀರಿ. ಐನೂರು ರೂಪಾಯಿಗೆ ಹಾಕಿಸಿ ಮುಳ್ಳು ನೋಡುವ ಲೆಕ್ಕ ಬೇಡ. ಪಂಪಲ್ಲಿ ಟ್ಯಾಂಕ್ ತುಂಬಿ ನಾಝಲ್ ತನ್ನಷ್ಟಕ್ಕೆ ಆಟೋ ಕಟ್ ಆಗುವವರೆಗೆ ಹಾಕಿಸಿ, ಕಿಲೋಮೀಟರ್ ಬರೆದಿಡಿ, ಇನ್ನೂರೈವತ್ತು ಮುನ್ನೂರು ಓಡಿದ ಮೇಲೆ ಅದೇ ಪಂಪಿಗೆ ಬಂದು, ಸಾಧ್ಯ ಆದ್ರೆ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ (ನೆಲ ಓರೆ ಇದ್ರೆ ಟ್ಯಾಂಕಲ್ಲಿ ಹಿಡಿಯುವುದು ವ್ಯತ್ಯಾಸ ಆಗ್ತದೆ) ಪುನಃ ಆಟೋ ಕಟ್ಟಿಗೆ ಹಾಕಿಸಿ. 280 ಕಿಲೋಮೀಟರ್ ಓಡಿ 20 ಲೀಟರ್ ಹಿಡಿದ್ರೆ ಲೀಟರಿಗೆ 14 ಬಂತು ಅಂತ ಅರ್ಥ. ಎರಡು ಮೂರು ಸಲ ಮಾಡಿದ್ರೆ ನಂಬ್ಲಿಕ್ಕೆ ಆಗುವ ನಂಬರ್ ಸಿಗ್ತದೆ. ಮತ್ತೆ ಮೀಟರ್ ಸರಿ ಉಂಟಾ ನೋಡಿ, ಬೇರೆ ಸೈಜಿನ ಟಯರ್ ಹಾಕಿದ್ರೆ ಕಿಲೋಮೀಟರೇ ಸುಳ್ಳು ಹೇಳ್ತದೆ, ಹೈವೇಯ ಕಿಲೋಮೀಟರ್ ಕಲ್ಲು ನೋಡ್ಕೊಂಡು ಹತ್ತು ಕಿಲೋಮೀಟರ್ ಓಡಿಸಿ ತಾಳೆ ಹಾಕಿ.

ಇನ್ನು ಚಕ್ರ. ನಮ್ಮ ಊರಲ್ಲಿ ಮೈಲೇಜ್ ತಿನ್ನುವುದರಲ್ಲಿ ನಂಬರ್ ಒಂದು ಇದೇ ಅಂತ ನಾನು ಹೇಳ್ತೇನೆ. ಜೂನಿಂದ ಸೆಪ್ಟೆಂಬರ್ ತನಕ ಮಳೆ, ಉಳಿದ ದಿನ ಸಮುದ್ರದ ಉಪ್ಪು ಗಾಳಿ, ಮೀನಿನ ಗಾಡಿ ಆದ್ರೆ ಬಾಕ್ಸಿಂದ ಸೋರುವ ಐಸ್ ನೀರು ಬೇರೆ, ಹೀಗಾಗಿ ಬ್ರೇಕಿನ ಒಳಗೆ ತುಕ್ಕು ಹಿಡಿದು ಬ್ರೇಕ್ ಶೂ (ಚಕ್ರವನ್ನು ಒತ್ತಿ ಹಿಡಿಯುವ ಭಾಗ) ಪೂರ್ತಿ ಹಿಂದೆ ಬರುವುದೇ ಇಲ್ಲ, ಹ್ಯಾಂಡ್‌ಬ್ರೇಕ್ ಕೇಬಲ್ ಅರ್ಧದಲ್ಲೇ ಸಿಕ್ಕಿಕೊಳ್ತದೆ. ಡ್ರೈವರಿಗೆ ಗೊತ್ತೇ ಆಗುವುದಿಲ್ಲ, ಗಾಡಿ ಸ್ವಲ್ಪ ಭಾರ ಉಂಟು ಅಂತ ಅನಿಸ್ತದೆ ಅಷ್ಟೆ, ಇಂಜಿನ್ ವೀಕ್ ಆಗಿದೆ ಅಂತ ತಿಳ್ಕೊಳ್ತಾರೆ. ಚೆಕ್ ಮಾಡ್ಲಿಕ್ಕೆ ಕಷ್ಟ ಎಂತ ಇಲ್ಲ. ಸಪಾಟು ಜಾಗದಲ್ಲಿ ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದೊಂದೇ ಚಕ್ರ ಜಾಕಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿ. ಗಾಡಿ ಅಡಿಗೆ ಮಾತ್ರ ಹೋಗ್ಬೇಡಿ. ಮುಂದಿನ ಚಕ್ರ ಸಲೀಸಾಗಿ ತಿರುಗ್ಬೇಕು. ಓಮ್ನಿಗೆ ಎಳೆಯುವುದು ಹಿಂದಿನ ಚಕ್ರ, ಅದರ ಒಟ್ಟಿಗೆ ಆಕ್ಸಲ್ ಎಲ್ಲ ತಿರುಗುವುದರಿಂದ ಅದು ಸ್ವಲ್ಪ ಭಾರ ಇರ್ತದೆ, ಆದ್ರೆ ಎರಡೂ ಬದಿ ಒಂದೇ ರೀತಿ ಇರ್ಬೇಕು, ಉಜ್ಜುವ ಸದ್ದು ಬರ್ಬಾರ್ದು, ಗರಗರ ಅಂದ್ರೆ ಬೇರಿಂಗ್ ಹೋಗಿದೆ. ಇನ್ನೊಂದು ಉಪಾಯ, ಬ್ರೇಕ್ ಜಾಸ್ತಿ ಹಾಕದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಪ್ರತೀ ಚಕ್ರದ ಹತ್ರ ಕೈ ತಗೊಂಡು ಹೋಗಿ, ಮುಟ್ಬೇಡಿ, ಒಂದು ಮಾತ್ರ ಜಾಸ್ತಿ ಬಿಸಿ ಇದ್ರೆ ಅದೇ ಹಿಡ್ಕೊಂಡಿರುವುದು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದ್ಸಲ ನಾಲ್ಕೂ ಬಿಚ್ಚಿಸಿ ಕ್ಲೀನ್ ಮಾಡಿಸಿ, ವೀಲ್ ಸಿಲಿಂಡರ್ (ಬ್ರೇಕ್ ಶೂ ತಳ್ಳುವ ಭಾಗ) ಲೀಕ್ ನೋಡಿಸಿ. ಇದು ಪೆಟ್ರೋಲಿಗೆ ಮಾತ್ರ ಅಲ್ಲ, ಬ್ರೇಕ್ ಸರಿ ಹಿಡಿಯುವುದೂ ಇದರ ಮೇಲೇ ಉಂಟು.

ಟಯರ್ ಗಾಳಿ ಬೆಳಿಗ್ಗೆ ಗಾಡಿ ತೆಗೆಯುವ ಮೊದ್ಲು, ಟಯರ್ ತಣ್ಣಗಿರುವಾಗ ನೋಡ್ಬೇಕು, ಎಷ್ಟು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಉಂಟು, ಲೋಡ್ ಹಾಕುವವರು ಲೋಡಿನ ಲೆಕ್ಕದ್ದೇ ಹಾಕಿ. ಮೇಲೆ ಕ್ಯಾರಿಯರ್ ಇದ್ದು ಉಪಯೋಗ ಇಲ್ಲದಿದ್ರೆ ತೆಗೆದಿಡಿ.

ಆಮೇಲೆ ಥರ್ಮೋಸ್ಟ್ಯಾಟ್. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಯಾಕಂದ್ರೆ ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಇಂಜಿನ್ ಹೀಟ್ ಆಗ್ತದೆ ಅಂತ ಎಷ್ಟೋ ಹಳೇ ಗಾಡಿಗಳಲ್ಲಿ ಥರ್ಮೋಸ್ಟ್ಯಾಟ್ ತೆಗೆದೇ ಬಿಟ್ಟಿರ್ತಾರೆ, ನಮ್ದು ಸೆಕೆ ಊರು ಅದು ಬೇಡ ಅಂತ ಹೇಳ್ತಾರೆ. ಅದು ತಪ್ಪು. ಇಂಜಿನ್ ಬೇಗ ಬಿಸಿ ಆಗಿ ಅದೇ ಬಿಸಿಯಲ್ಲಿ ನಿಲ್ಲುವ ಹಾಗೆ ನೀರನ್ನು ತಡೆದು ಬಿಡುವ ಬಾಗಿಲು ಅದು. ತೆಗೆದ್ರೆ ನೀರು ಯಾವಾಗಲೂ ರೇಡಿಯೇಟರ್ ಸುತ್ತಿಕೊಂಡೇ ಇರ್ತದೆ, ಮಳೆಯಲ್ಲಿ ಸುರತ್ಕಲಿಂದ ಪಡುಬಿದ್ರೆ ಮುಟ್ಟಿದ್ರೂ ಟೆಂಪರೇಚರ್ ಮುಳ್ಳು ಕೆಳಗೇ, ತಣ್ಣಗಿರುವ ಇಂಜಿನಲ್ಲಿ ಪೆಟ್ರೋಲ್ ಸರಿ ಆವಿ ಆಗುವುದಿಲ್ಲ, ಆಯಿಲ್ ದಪ್ಪ ಇರ್ತದೆ. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಇಂಜೆಕ್ಟರ್ ಪೆಟ್ರೋಲ್ ಬಿಡುವ) ಗಾಡಿಯಲ್ಲಂತೂ ಇಂಜಿನ್ ಇನ್ನೂ ತಣ್ಣಗಿದೆ ಅಂತ ಸೆನ್ಸರ್ ಹೇಳ್ತಾ ಇರ್ತದೆ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡ್ತಾ ಇರ್ತದೆ. ಹೀಟ್ ಆಗುವುದಾದ್ರೆ ರೇಡಿಯೇಟರ್ ಬ್ಲಾಕ್, ಫ್ಯಾನ್ ಸ್ವಿಚ್, ವಾಟರ್ ಪಂಪ್ ಇದರಲ್ಲಿ ಎಲ್ಲೋ ಕಾರಣ ಉಂಟು, ಅದನ್ನು ಸರಿ ಮಾಡಿಸಿ, ಥರ್ಮೋಸ್ಟ್ಯಾಟ್ ಹೊಸತು ಹಾಕಿಸಿ.

ಕಾರ್ಬೊರೇಟರ್ ಗಾಡಿ ಆದ್ರೆ ಚೋಕ್ ಕೇಬಲ್ ನೋಡಿ, ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗ್ಲಿಕ್ಕೆ ಪೆಟ್ರೋಲ್ ಪಾಲು ಜಾಸ್ತಿ ಮಾಡುವುದು ಈ ಚೋಕ್. ಇಲ್ಲಿ ಚಳಿಯೇ ಇಲ್ಲ, ಬೆಳಿಗ್ಗೆ ಒಂದೆರಡು ನಿಮಿಷ ಸಾಕು, ಆದ್ರೆ ಕೇಬಲ್ ತುಕ್ಕು ಹಿಡಿದಿದ್ರೆ ನೀವು ಒಳಗೆ ತಳ್ಳಿದ್ರೂ ಅಲ್ಲಿ ಪೂರ್ತಿ ಬಿಡುವುದಿಲ್ಲ, ದಿನ ಇಡೀ ಅರ್ಧ ಚೋಕಲ್ಲೇ ಓಡ್ತದೆ. ಸೀಟ್ ಎತ್ತಿ ಕಣ್ಣಾರೆ ನೋಡಿ. ಏರ್ ಫಿಲ್ಟರ್ ಬದಲಾಯಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ, ತಿಳಿ ಕಂದು ಇದ್ರೆ ಒಳ್ಳೇದು, ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಾ ಉಂಟು. ಇಷ್ಟೆಲ್ಲ ಆದ್ಮೇಲೆ ಟ್ಯೂನಿಂಗ್ ಮಾಡಿಸಿ. ಎಮಿಷನ್ ಟೆಸ್ಟಿನ ಚೀಟಿ ಬಿಸಾಡ್ಬೇಡಿ, ಅದರಲ್ಲಿ ಸಿಓ (ಕಾರ್ಬನ್ ಮೊನಾಕ್ಸೈಡ್) ಅಂತ ಒಂದು ನಂಬರ್ ಉಂಟು, ಹಿಂದಿನ ಸಲಕ್ಕಿಂತ ಏರಿದ್ರೆ ಮಿಕ್ಸ್ಚರ್ ರಿಚ್ ಆಗಿದೆ, ಅಂದ್ರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ ಆಗಿದೆ ಅಂತ ಲೆಕ್ಕ, ಮೆಕ್ಯಾನಿಕ್ಕಿಗೆ ಅದನ್ನೇ ತೋರ್ಸಿ.

ಈಗ ಪಂಪಲ್ಲಿ ಸಿಗುವುದು ಇ20, ಅಂದ್ರೆ ನೂರರಲ್ಲಿ 20 ಪಾಲು ಎಥನಾಲ್. ಎಥನಾಲಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಬರೀ ಪೆಟ್ರೋಲಿಗೆ ಹೋಲಿಸಿದ್ರೆ ಲೀಟರಲ್ಲಿ ಆರೇಳು ಪರ್ಸೆಂಟ್ ಶಕ್ತಿ ಕಮ್ಮಿ. ಹತ್ತು ವರ್ಷದ ಹಿಂದಿನ ಮೈಲೇಜ್ ನೆನಪಿಟ್ಟುಕೊಂಡು ಗಾಡಿಗೆ ಬಯ್ಬೇಡಿ. ಆದ್ರೆ ಹಳೇ ರಬ್ಬರ್ ಪೈಪಿಗೆ ಎಥನಾಲ್ ಒಳ್ಳೇದಲ್ಲ, ಓಮ್ನಿಯಲ್ಲಿ ಇಂಜಿನ್ ಇರುವುದೇ ನಿಮ್ಮ ಸೀಟಿನ ಅಡಿ, ಪೆಟ್ರೋಲ್ ವಾಸನೆ ಬಂದ್ರೆ ಅವತ್ತೇ ಪೈಪ್ ಬದಲಾಯಿಸಿ, ನಾಳೆ ಅಂತ ಇಡ್ಬೇಡಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿ ಆದ್ರೂ ಕಷ್ಟ, ಎಥನಾಲ್ ಗಾಳಿಯ ತೇವ ಎಳ್ಕೊಳ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದ್ರೂ ಓಡಿಸಿ.

ಓಡಿಸುವ ವಿಷಯದಲ್ಲಿ ಹೇಳ್ಲಿಕ್ಕಿರುವುದು ಸ್ಪೀಡ್ ಒಂದೇ. ಓಮ್ನಿಯ ಮುಖ ಗೋಡೆ ಹಾಗೆ ನೇರ, 60ರಿಂದ 80ಕ್ಕೆ ಏರಿಸಿದ್ರೆ ಗಾಳಿ ತಡೆಯುವುದು ಮುಕ್ಕಾಲು ಪಾಲು ಜಾಸ್ತಿ ಆಗ್ತದೆ, ಗೇರ್ ಬೇರೆ ನಾಲ್ಕೇ. ಮಂಗ್ಳೂರಿಂದ ಉಡುಪಿಗೆ ಟಾಪ್ ಗೇರಲ್ಲಿ 50-60ರಲ್ಲಿ ಹೋದ್ರೆ ಹತ್ತು ಹದಿನೈದು ನಿಮಿಷ ತಡ ಆಗ್ಬಹುದು, ಪೆಟ್ರೋಲ್ ಮಾತ್ರ ಚೆನ್ನಾಗಿ ಉಳೀತದೆ. ಮಣಿಪಾಲ ಹತ್ತುವಾಗ ಇಂಜಿನ್ ನಡುಗುವವರೆಗೆ ಟಾಪಲ್ಲೇ ಎಳಿಬೇಡಿ, ಕೆಳಗಿನ ಗೇರಿಗೆ ತನ್ನಿ. ಆಗುಂಬೆ, ಶಿರಾಡಿ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸ್ತೇನೆ ಅಂತ ಹೇಳುವವರ ಮಾತು ಕೇಳ್ಲೇಬೇಡಿ, ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋಗ್ತದೆ, ಜೀವದ ಪ್ರಶ್ನೆ ಅದು. ಎಂಪಿಎಫ್‌ಐಯಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದ್ರೆ ಇಂಜೆಕ್ಟರೇ ಬಂದ್ ಆಗ್ತದೆ, ನ್ಯೂಟ್ರಲಲ್ಲಿ ಆದ್ರೆ ಐಡಲಿಂಗಿಗೆ ಪೆಟ್ರೋಲ್ ಹೋಗ್ತಾನೇ ಇರ್ತದೆ.

ಇಷ್ಟೆಲ್ಲ ಮಾಡಿ ಪುನಃ ಆಟೋ ಕಟ್ ಲೆಕ್ಕದಲ್ಲಿ ಅಳೆದಾಗಲೂ ನಂಬರ್ ಏರದಿದ್ರೆ ಕ್ಲಚ್ ಸ್ಲಿಪ್ ಆಗ್ತದಾ ನೋಡಿ, ಏರು ರಸ್ತೆಯಲ್ಲಿ ಇಂಜಿನ್ ಸದ್ದು ಮಾತ್ರ ಜಾಸ್ತಿ ಆಗಿ ಗಾಡಿ ಎಳಿಯದಿದ್ರೆ ಅದೇ. ಅದೂ ಸರಿ ಇದ್ರೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ಮೂರು ಸಿಲಿಂಡರಲ್ಲಿ ಒಂದು ಮಾತ್ರ ಕಡಿಮೆ ತೋರ್ಸಿದ್ರೆ ಮೊದ್ಲು ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಸಂದು) ಸೆಟ್ ಮಾಡಿಸಿ ಇನ್ನೊಮ್ಮೆ ನೋಡಿ. ಆಗಲೂ ಏರದಿದ್ರೆ ಮಾತ್ರ ಇಂಜಿನ್ ಬಿಚ್ಚುವ ಮಾತು.