ಬಂದ ತಿಂಗಳಲ್ಲೇ ಮತಪಟ್ಟಿಗೆ: ಯುಕೆಯ ಆಡಳಿತದಲ್ಲಿ ಯಾವ ಕೆಲಸಕ್ಕೆ ಯಾವ ಬಾಗಿಲು

ಬ್ಯಾಂಕ್ ಖಾತೆ, ಜಿಪಿ (ಮನೆ ಹತ್ತಿರದ ಸಾಮಾನ್ಯ ವೈದ್ಯರು), ಮಕ್ಕಳ ಶಾಲೆ: ಹೊಸದಾಗಿ ಬಂದವರೆಲ್ಲ ಓಡಾಡುವುದು ಈ ಮೂರಕ್ಕೆ. ನಾಲ್ಕನೆಯದು ಮತದಾನದ ಹಕ್ಕು. ಅದು ತಮಗಿದೆ ಎಂದೇ ಹಲವರಿಗೆ ಗೊತ್ತಿರುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಭಾರತೀಯ ಪಾಸ್‌ಪೋರ್ಟಿನವರು ಮಾನ್ಯ ವೀಸಾ ಇಟ್ಟುಕೊಂಡು ಇಲ್ಲಿ ವಾಸವಿದ್ದರೆ ಸಾಕು, ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತ ಸಂಸ್ಥೆ) ಪಾರ್ಲಿಮೆಂಟಿನವರೆಗೆ ಎಲ್ಲ ಚುನಾವಣೆಗಳಲ್ಲೂ ಮತ ಹಾಕಬಹುದು. ಇಷ್ಟು ವರ್ಷ ಕಳೆದಿರಬೇಕು ಎಂಬ ನಿಯಮವಿಲ್ಲ. ಐಎಲ್‌ಆರ್ (ಕಾಯಂ ವಾಸದ ಅನುಮತಿ) ಬೇಕಿಲ್ಲ, ಪೌರತ್ವವೂ ಬೇಕಿಲ್ಲ. ಉದ್ಯೋಗದ ವೀಸಾ, ವಿದ್ಯಾರ್ಥಿ ವೀಸಾ, ಡಿಪೆಂಡೆಂಟ್ ವೀಸಾ ಎಲ್ಲಕ್ಕೂ ಇದೇ ಮಾತು. ವಯಸ್ಸು 18 ಆಗಿರಬೇಕು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಲ್ಲಿನ ಶಾಸನಸಭೆಗೂ ಕೌನ್ಸಿಲ್‌ಗೂ 16 ಸಾಕು. ವಿಸಿಟ್ ವೀಸಾದಲ್ಲಿ ಮೊಮ್ಮಗು ನೋಡಲು ಬಂದ ಅಜ್ಜ-ಅಜ್ಜಿ ಇಲ್ಲಿನ ನಿವಾಸಿಗಳಲ್ಲ, ಅವರ ಹೆಸರು ಸೇರಿಸಬೇಡಿ. ಗಂಡ ಅಥವಾ ಹೆಂಡತಿಯ ಪಾಸ್‌ಪೋರ್ಟ್ ಕಾಮನ್‌ವೆಲ್ತ್‌ಗೆ ಸೇರದ ನೇಪಾಳದ್ದೋ ಅಮೆರಿಕದ್ದೋ ಆಗಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ.

ಹೆಸರು ಸೇರಿಸುವುದು ಹೀಗೆ

ಸರ್ಕಾರದ ಗವ್.ಯುಕೆ ತಾಣದಲ್ಲಿ ‘ರಿಜಿಸ್ಟರ್ ಟು ವೋಟ್’ ಎಂಬ ಪುಟವಿದೆ. ಐದು ನಿಮಿಷದ ಕೆಲಸ, ಶುಲ್ಕವಿಲ್ಲ. ಹೆಸರು, ಹುಟ್ಟಿದ ದಿನಾಂಕ, ವಿಳಾಸ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಕೆಲಸ, ತೆರಿಗೆಗಾಗಿ ಸರ್ಕಾರ ಕೊಡುವ ವೈಯಕ್ತಿಕ ಸಂಖ್ಯೆ) ಕೇಳುತ್ತಾರೆ. ಆ ಸಂಖ್ಯೆ ಇನ್ನೂ ಬಂದಿಲ್ಲವಾದರೆ ಇಲ್ಲವೆಂದೇ ತಿಳಿಸಿ ಮುಂದುವರಿಯಿರಿ. ಕೌನ್ಸಿಲ್‌ನವರು ಬೇರೆ ದಾಖಲೆ ಕೇಳಿ ಪತ್ರ ಬರೆಯುತ್ತಾರೆ. ರಾಷ್ಟ್ರೀಯತೆಯ ಜಾಗದಲ್ಲಿ ಭಾರತ ಎಂದೇ ತುಂಬಿಸಿ. ‘ಬ್ರಿಟಿಷ್’ ಎಂದು ಒತ್ತಿದರೆ ಬೇಗ ಆಗುತ್ತದೆಂಬ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಸುಳ್ಳು ಮಾಹಿತಿ ಕೊಡುವುದು ಅಪರಾಧ.

ಗಂಡ ತುಂಬಿಸಿದರೆ ಹೆಂಡತಿಯ ಹೆಸರು ತಾನಾಗಿ ಬರುವುದಿಲ್ಲ, ಒಬ್ಬೊಬ್ಬರೂ ಬೇರೆಬೇರೆ ಅರ್ಜಿ ಹಾಕಬೇಕು. ಕೌನ್ಸಿಲ್ ಟ್ಯಾಕ್ಸ್‌ಗೆ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ಹೆಸರು ಕೊಟ್ಟಿದ್ದೇವಲ್ಲ ಎಂದು ಸುಮ್ಮನಿರುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದೇ ಬೇರೆ ಪಟ್ಟಿ, ಇದೇ ಬೇರೆ. ಮನೆ ಬದಲಿಸಿದಾಗಲೆಲ್ಲ ಹೊಸದಾಗಿ ನೋಂದಾಯಿಸಬೇಕು. ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ಅರ್ಜಿ ತಲುಪಿರಬೇಕು. ವರ್ಷಕ್ಕೊಮ್ಮೆ ಮನೆಗೆ ಬರುವ ಪಟ್ಟಿ ಪರಿಷ್ಕರಣೆಯ ಪತ್ರವನ್ನು ಜಾಹೀರಾತೆಂದು ಕಸಕ್ಕೆ ಹಾಕಬೇಡಿ. ಅದು ಉತ್ತರ ಕೇಳಿದ್ದರೆ ಕೊಡಲೇಬೇಕು, ಕೊಡದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು.

ರಾಜಕೀಯದಲ್ಲಿ ಆಸಕ್ತಿ ಇಲ್ಲದವರಿಗೂ ಇದರಿಂದ ಲಾಭವಿದೆ. ಸಾಲ ಕೊಡುವವರು, ಮೊಬೈಲ್ ಕಂಪನಿಯವರು ನೋಡುವ ಕ್ರೆಡಿಟ್ ದಾಖಲೆ ನಿಮ್ಮ ವಿಳಾಸವನ್ನು ತಾಳೆ ನೋಡುವುದು ಈ ಮತಪಟ್ಟಿಯಲ್ಲೇ. ಪಟ್ಟಿಯ ಇನ್ನೊಂದು ರೂಪವಾದ ‘ಓಪನ್ ರಿಜಿಸ್ಟರ್’ ಅನ್ನು ಯಾರು ಬೇಕಾದರೂ ಕೊಳ್ಳಬಹುದು. ಅರ್ಜಿಯಲ್ಲೇ ಅದರಿಂದ ಹೊರಗಿರಿ, ಮತಕ್ಕೂ ಕ್ರೆಡಿಟ್‌ಗೂ ಏನೂ ಆಗುವುದಿಲ್ಲ.

ಮತಗಟ್ಟೆಯಲ್ಲಿ

ಚುನಾವಣೆ ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10. ರಜೆ ಇಲ್ಲ, ಇವಿಎಂ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಹೆಚ್ಚಿನ ಚುನಾವಣೆಗಳಲ್ಲಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು, ಅಷ್ಟೇ. ಪೋಲ್ ಕಾರ್ಡ್ (ಚುನಾವಣೆಗೆ ಮೊದಲು ಮನೆಗೆ ಬರುವ ಸೂಚನಾ ಚೀಟಿ) ಮರೆತರೂ ನಡೆಯುತ್ತದೆ. ಆದರೆ ಪಾರ್ಲಿಮೆಂಟ್ ಚುನಾವಣೆಗೂ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಿಗೂ ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯ. ಭಾರತೀಯ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸಾಕು. ಯುಕೆ ಡ್ರೈವಿಂಗ್ ಲೈಸೆನ್ಸ್ ಆದೀತು. ಭಾರತದ ಲೈಸೆನ್ಸ್, ಆಧಾರ್, ಆಫೀಸಿನ ಬ್ಯಾಡ್ಜ್ ಆಗುವುದಿಲ್ಲ.

ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ, ಮತಪಟ್ಟಿಯಲ್ಲಿ ಬರೀ ಇನಿಷಿಯಲ್. ಅಥವಾ ಮದುವೆಯ ನಂತರದ ಹೆಸರು ಒಂದರಲ್ಲಿ, ತವರಿನದು ಇನ್ನೊಂದರಲ್ಲಿ. ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವಂತೆ ಬರೆದರೆ ತಲೆನೋವಿಲ್ಲ. ಹೆಸರು ಬದಲಾಗಿದ್ದರೆ ಮದುವೆಯ ಪ್ರಮಾಣಪತ್ರ ಜೊತೆಗಿರಲಿ.

ಅಂಚೆ ಮತಕ್ಕೆ 11 ಕೆಲಸದ ದಿನ ಮೊದಲು, ಸಂಜೆ 5ರೊಳಗೆ ಅರ್ಜಿ ಹಾಕಬೇಕು. ಮತಪತ್ರದ ಜೊತೆ ಬರುವ ಹಾಳೆಯಲ್ಲಿ ಸಹಿ ಮತ್ತು ಹುಟ್ಟಿದ ದಿನಾಂಕ ಬರೆಯಬೇಕು. ಅಲ್ಲಿ ಆ ದಿನದ ತಾರೀಖು ಬರೆದು ಮತ ಕಳೆದುಕೊಳ್ಳುವವರಿದ್ದಾರೆ. ಅರ್ಜಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ ಮಾಡಿ, ಎರಡೂ ತಾಳೆಯಾಗಬೇಕು.

ಯಾರ ಬಳಿ ಹೋಗಬೇಕು

ಮನೆ ಮುಂದೆ ಕಸ ಎತ್ತಿಲ್ಲ ಎಂದು ಎಂಪಿಗೆ ಬರೆದರೆ ಅವರ ಕಚೇರಿ ಸೌಜನ್ಯದಿಂದ ಕೌನ್ಸಿಲ್‌ಗೆ ಕಳಿಸುತ್ತದೆ, ನಿಮಗೆ ಮೂರು ವಾರ ದಂಡ. ಕಸ, ರಸ್ತೆ ಗುಂಡಿ, ಪಾರ್ಕಿಂಗ್, ಶಾಲಾ ಪ್ರವೇಶ, ಮನೆ ವಿಸ್ತರಣೆಯ ಅನುಮತಿ ಎಲ್ಲವೂ ಕೌನ್ಸಿಲ್‌ನ ಕೆಲಸ. ಇಂಗ್ಲೆಂಡಿನ ಕೆಲವು ಕಡೆ ಕೌನ್ಸಿಲ್ ಎರಡು ಹಂತ: ರಸ್ತೆ, ಶಾಲೆ ಕೌಂಟಿಯದು, ಕಸ, ತೆರಿಗೆ ವಸೂಲಿ ಡಿಸ್ಟ್ರಿಕ್ಟ್‌ನದು. ಇವನ್ನು ಒಂದುಗೂಡಿಸುವ ಕೆಲಸ ನಡೆದಿದೆ, ಹಾಗಾಗಿ ಹಳೆಯ ಸಲಹೆಗಳನ್ನು ನಂಬದೆ ಪಿನ್‌ಕೋಡ್ ಹಾಕಿ ನೋಡಿ (ಇಲ್ಲಿ ಪೋಸ್ಟ್‌ಕೋಡ್ ಅನ್ನುತ್ತಾರೆ). ಮೊದಲು ಕೌನ್ಸಿಲ್‌ನಲ್ಲೇ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಲಸವಾಗದಿದ್ದರೆ ಆ ಸಂಖ್ಯೆ ಹಿಡಿದು ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ.

‘ಮೇಯರ್’ ಎಂಬ ಪದವಿಯಲ್ಲೂ ಎರಡು ಬಗೆ. ಲಂಡನ್ ಮೇಯರ್ ಜನರಿಂದ ನೇರವಾಗಿ ಆಯ್ಕೆಯಾದವರು, ಬಸ್ಸು-ಟ್ಯೂಬ್ ಅವರ ಕೈಯಲ್ಲಿದೆ. ಲಂಡನ್ನಿನೊಳಗಿನ ಕೌನ್ಸಿಲ್ ಪ್ರದೇಶಗಳಾದ ಬರೋಗಳಲ್ಲಿ ಹೆಚ್ಚಿನ ಕಡೆ ಮೇಯರ್ ಗೌರವ ಸ್ಥಾನವಷ್ಟೇ, ಅಧಿಕಾರ ಕೌನ್ಸಿಲ್ ಲೀಡರ್‌ದು. ಕಲಬುರಗಿ ಕಡೆಯ ನೀರಜ್ ಪಾಟೀಲರು ಲ್ಯಾಂಬೆತ್ ಬರೋದಲ್ಲಿ ಆ ಗೌರವ ಸ್ಥಾನದಲ್ಲಿದ್ದವರು. 2015ರಲ್ಲಿ ಪಾರ್ಲಿಮೆಂಟಿನ ಎದುರು ದಡದಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಪ್ರಯತ್ನದಿಂದ.

ಕೌನ್ಸಿಲ್ ಟ್ಯಾಕ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ 25% ರಿಯಾಯಿತಿ, ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ. ಇವನ್ನು ಧೈರ್ಯವಾಗಿ ಕೇಳಿ. ಆದರೆ ಕಡಿಮೆ ಆದಾಯದವರಿಗೆಂದು ಇರುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಸಾರ್ವಜನಿಕ ನೆರವಿನ ಲೆಕ್ಕಕ್ಕೆ ಬರುತ್ತದೆ. ನಿಮ್ಮ ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ (ಸಾರ್ವಜನಿಕ ನೆರವು ಪಡೆಯುವಂತಿಲ್ಲ) ಎಂದಿದ್ದರೆ ಅದಕ್ಕೆ ಅರ್ಜಿ ಹಾಕಬೇಡಿ, ವೀಸಾಕ್ಕೇ ತೊಂದರೆಯಾದೀತು.

ವೀಸಾ ಅರ್ಜಿ ತಿಂಗಳುಗಟ್ಟಲೆ ನಿಂತಿದೆ, ಗೃಹ ಇಲಾಖೆ ಉತ್ತರಿಸುತ್ತಿಲ್ಲ ಎಂದಾದರೆ ಎಂಪಿ ಬಳಿ ಹೋಗಿ. ಒಟ್ಟು 650 ಎಂಪಿಗಳಲ್ಲಿ ನಿಮ್ಮವರು ಒಬ್ಬರೇ, ನಿಮ್ಮ ಕ್ಷೇತ್ರದವರು. ಅವರಿಗೆ ಮತ ಹಾಕಿರಬೇಕೆಂದೇನಿಲ್ಲ, ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಅವರು ಜನರನ್ನು ಭೇಟಿಯಾಗುವ ದಿನಕ್ಕೆ ‘ಸರ್ಜರಿ’ ಎನ್ನುತ್ತಾರೆ, ಗಾಬರಿಯಾಗಬೇಡಿ. ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ಪತ್ರದಲ್ಲಿ ಪೂರ್ತಿ ವಿಳಾಸ, ಅರ್ಜಿ ಸಂಖ್ಯೆ, ಅರ್ಜಿ ಹಾಕಿದ ದಿನ, ಮಿಂಚಂಚೆಗಳ ಪ್ರತಿ ಇರಲಿ; ಕಥೆ ಒಂದು ಪುಟ ಮೀರದಿರಲಿ. ಎಂಪಿ ಇಲಾಖೆಯನ್ನು ವಿಚಾರಿಸಬಲ್ಲರು, ತಿರಸ್ಕೃತ ವೀಸಾವನ್ನು ಮಂಜೂರು ಮಾಡಿಸಲಾರರು.

ಊರಿನ ಮತ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಭಾರತೀಯ ಪೌರತ್ವ ಇರುವವರೆಗೆ ಫಾರ್ಮ್ 6ಎ ತುಂಬಿಸಿ, ಪಾಸ್‌ಪೋರ್ಟಿನಲ್ಲಿರುವ ಭಾರತದ ವಿಳಾಸದ ಕ್ಷೇತ್ರದಲ್ಲಿ ಅನಿವಾಸಿ ಮತದಾರರಾಗಬಹುದು. ಮತ ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಅಲ್ಲಿಗೇ ಹೋಗಬೇಕು. ಬ್ರಿಟಿಷ್ ಪೌರತ್ವ ಪಡೆದ ದಿನ ಅದು ಮುಗಿಯಿತು. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡಿನಿಂದ ಮತದಾನದ ಹಕ್ಕು ಬರುವುದಿಲ್ಲ.