ಪೊಂತೊರ್ಮೊ ಚಿತ್ರದ ಆ ಇಬ್ಬರು ಯಾಕೆ ನಮ್ಮನ್ನೇ ನೋಡ್ತಾರೆ?

ಇಟಲಿಯ ಫ್ಲಾರೆನ್ಸ್ ಹತ್ತಿರ ಕಾರ್ಮಿನ್ಯಾನೊ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಚರ್ಚಿಗೆ ಸೇರಿದ್ದು ಇಟಲಿಯ ಚಿತ್ರಕಾರ ಪೊಂತೊರ್ಮೊ 1528-29ರ ಸುಮಾರಿಗೆ ಬರೆದ ‘ಭೇಟಿ’ ಚಿತ್ರ. ಮರದ ಹಲಗೆ ಮೇಲೆ ಎಣ್ಣೆಬಣ್ಣ, ಎರಡು ಮೀಟರ್ ಎತ್ತರ. ನನ್ನ ಹತ್ತಿರ ಇದ್ದದ್ದು ಅದರ ಒಂದು ದೊಡ್ಡ ಪ್ರಿಂಟ್, ಜೊತೆಗೆ ಅಡುಗೆಮನೆ ಮೇಜು.

ಕಥೆ ಬೈಬಲ್ಲಿನ ಲೂಕನ ಸುವಾರ್ತೆಯ ಮೊದಲ ಅಧ್ಯಾಯದ್ದು. ಯೇಸುವಿನ ತಾಯಿಯಾಗಲಿರುವ ಬಸುರಿ ಮರಿಯಳು ತನ್ನ ನೆಂಟಳು ಎಲಿಸಬೇತಳನ್ನು ನೋಡಲು ಹೋಗುತ್ತಾಳೆ. ಮುಪ್ಪಿನಲ್ಲಿ ಅವಳೂ ಬಸುರಿ. ಮರಿಯಳ ದನಿ ಕೇಳಿದ್ದೇ ತಡ, ಎಲಿಸಬೇತಳ ಹೊಟ್ಟೆಯಲ್ಲಿ ಕೂಸು ನಲಿಯುತ್ತದೆ.

ಇತಿಹಾಸ ಓದಿಕೊಂಡು ಬಂದು ಚಿತ್ರ ನೋಡಿದ್ದು ನಾನು ಮಾಡಿದ ತಪ್ಪು. 1529ರಲ್ಲಿ ಫ್ಲಾರೆನ್ಸಿಗೆ ಮುತ್ತಿಗೆ ಬಿತ್ತು, ಅದಕ್ಕೇ ಚಿತ್ರದಲ್ಲಿನ ಬೀದಿ ಹೀಗೆ ಬಿಕೋ ಅನ್ನುತ್ತಿದೆ ಅಂತ ಎರಡು ಪುಟ ಗೀಚಿದೆ. ಆಮೇಲೆ, ಅದಕ್ಕೆ ಚಿತ್ರದಲ್ಲಿ ಸಾಕ್ಷಿ ಎಲ್ಲಿದೆ ಅಂತ ಹುಡುಕಿದರೆ ಏನೂ ಸಿಗಲಿಲ್ಲ. ಹರಿದು ಹಾಕಿದೆ.

ಮತ್ತೆ ಶುರು ಮಾಡಿದ್ದು ಬಟರ್ ಪೇಪರ್ ಹಾಕಿ ಗೆರೆ ಎಳೆಯುವುದರಿಂದ. ಮುಖ ಬಿಟ್ಟೆ, ಬರೀ ಕೈ, ಕಾಲು, ಹೊಟ್ಟೆ. ಪೆನ್ಸಿಲ್ ಓಡುವಾಗ ಗೊತ್ತಾಯಿತು, ಇಬ್ಬರೂ ನೆಲಕ್ಕೆ ಗಟ್ಟಿಯಾಗಿ ಊರಿ ನಿಂತಿಲ್ಲ. ತುದಿಗಾಲಲ್ಲಿ ಕುಣಿಯುವವರ ಹಾಗೆ ಹಗುರ. ಕೈಗಳು ಮಾತ್ರ ಒಂದರೊಳಗೊಂದು ಹೆಣೆದಿವೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಇಣುಕಿ ನೋಡಿ, “ಹೊಟ್ಟೆಗೆ ಹೊಟ್ಟೆ ತಾಗಿಸ್ಕೊಂಡು ನಿಂತಿದಾರಲ್ಲ, ಒಳಗಿರೋ ಮಕ್ಕಳೇ ಮಾತಾಡ್ತಾ ಇದಾವೆ ಬಿಡು” ಅಂದರು. ಅಮ್ಮನಿಗೆ ಲೂಕನ ಕಥೆ ಗೊತ್ತಿಲ್ಲ!

ಹೋಲಿಕೆಗೆ ಇನ್ನೊಬ್ಬ ಇಟಲಿ ಚಿತ್ರಕಾರ ಗಿರ್ಲಾಂದಾಯೊ ಇದೇ ಭೇಟಿಯನ್ನು ಬರೆದ 1491ರ ಚಿತ್ರ ಪಕ್ಕಕ್ಕಿಟ್ಟೆ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅಲ್ಲಿ ಎಲಿಸಬೇತಳು ಮಂಡಿಯೂರಿದ್ದಾಳೆ. ಅಂದರೆ ಯಾರು ದೊಡ್ಡವರು ಅನ್ನುವುದು ಅಲ್ಲೇ ತೀರ್ಮಾನ. ಪೊಂತೊರ್ಮೊನಲ್ಲಿ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕಿವೆ. ನನಗೆ ಇದೇ ಜಾಸ್ತಿ ಇಷ್ಟ. ಎಡಗಡೆ ಕೆಳಗೆ, ದೂರದಲ್ಲಿ ಇಬ್ಬರು ಗಂಡಸರು ಕಡ್ಡಿ ಗಾತ್ರಕ್ಕೆ ಕೂತಿದ್ದಾರೆ. ಮರಿಯಳ ಗಂಡ ಯೋಸೇಫ ಮತ್ತು ಜಕರೀಯ ಇರಬಹುದು ಅನ್ನುತ್ತಾರೆ. ಎಲಿಸಬೇತಳ ಗಂಡ ಜಕರೀಯನಿಗೆ ಆ ಹೊತ್ತಿಗೆ ಮಾತೇ ನಿಂತುಹೋಗಿತ್ತು ಅಂತ ಲೂಕನೇ ಹೇಳುತ್ತಾನೆ. ಪಾಪ, ಕೂರದೆ ಇನ್ನೇನು ಮಾಡಿಯಾನು?

ತಲೆ ತಿಂದದ್ದು ಮರಿಯ, ಎಲಿಸಬೇತರ ಹಿಂದಿರುವ ಇಬ್ಬರು ಹೆಂಗಸರು. ಒಬ್ಬಳು ಎಳೆಯವಳು, ಒಬ್ಬಳು ಮುದುಕಿ. ಅಪ್ಪಿಕೊಂಡವರ ಕಡೆ ತಿರುಗಿಯೂ ನೋಡದೆ ನಮ್ಮನ್ನೇ ದಿಟ್ಟಿಸುತ್ತಾರೆ. ಜರ್ಮನ್ ಕಲಾವಿದ ಡ್ಯೂರರ್ 1497ರಲ್ಲಿ ಕೆತ್ತಿದ ನಾಲ್ಕು ಹೆಂಗಸರ ಗುಂಪಿನಿಂದ ಈ ಜೋಡಣೆ ಬಂತು ಅನ್ನುವವರಿದ್ದಾರೆ. ಇರಬಹುದು, ಆದರೆ ಆ ನೋಟಕ್ಕೆ ಅದು ಉತ್ತರವಲ್ಲ, ಅಲ್ವಾ?

ಸುಮ್ನೆ ಎರಡು ಚೀಟಿ ಹರಿದು ಆ ಎರಡು ಮುಖ ಮುಚ್ಚಿದೆ. ಚಿತ್ರ ಇಬ್ಬರು ನೆಂಟರ ಗುಟ್ಟಿನ ಮಾತಾಯಿತು, ನಾನು ಹೊರಗಿನವಳು. ಚೀಟಿ ತೆಗೆದೆ. ಬಾಗಿಲ ಸಂದಿಯಲ್ಲಿ ಇಣುಕುವಾಗ ಒಳಗಿನವರ ಕಣ್ಣಿಗೆ ಬಿದ್ದ ಹಾಗಾಯಿತು. ಅಮ್ಮನಿಗೂ ತೋರಿಸಿದೆ. ಅವರು ಚೀಟಿಯನ್ನು ಮತ್ತೆ ಆ ಮುಖಗಳ ಮೇಲಿಟ್ಟು, “ಹೀಗೇ ಇರಲಿ, ಪಾಪ, ಮಾತಾಡ್ಕೊಳ್ಳಲಿ” ಅಂದರು.